ಅಕ್ಕನ ಕೋಣೆಯಲ್ಲಿ ತಗಡಿನ ಕೊಳವೆ

ಸೇಂಟ್ ಲೂಯಿಸ್, 11 ಜುಲೈ 1999

ಪ್ರೀತಿಯ ಅಕ್ಕ ಮುನೀರಾ,

ಮೊದಲು ಕ್ಷಮಿಸಿಬಿಡು. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಕಾಗುಣಿತವೂ ಅಷ್ಟಕ್ಕಷ್ಟೇ. ಐದನೆಯ ತರಗತಿಯಲ್ಲಿದ್ದಾಗ ಯುದ್ಧ ಬಂತು, ಶಾಲೆ ಮುಚ್ಚಿತು. ಆಮೇಲೆ ನಾನು ಬರೆದದ್ದೆಲ್ಲ ನಿನಗೊಬ್ಬಳಿಗೇ. ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು. ಇವತ್ತಂತೂ ಬೆವರಿಗೆ ಕಾಗದ ಮುಂಗೈಗೆ ಅಂಟಿಕೊಳ್ಳುತ್ತಿದೆ.

ಈ ಮನೆಯ ಸೆಕೆಯನ್ನು ನಿನಗೆ ಹೇಗೆ ಹೇಳಲಿ? ಬೇಕರಿಯಲ್ಲಿ ಬೆಂಕಿ ಆರಿಸಿದ ಮೇಲೂ ಒಲೆಯ ಇಟ್ಟಿಗೆ ಬೆಳಗಿನವರೆಗೆ ಬಿಸಿಯಾಗಿಯೇ ಇರುತ್ತದೆ, ಅದರ ಮೇಲೆ ರಸ್ಕು ಒಣಗಿಸುತ್ತೇವೆ ಎನ್ನುತ್ತಿದ್ದೆಯಲ್ಲ, ಹಾಗೆ. ಹಗಲಿಡೀ ಬಿಸಿಲು ಕುಡಿದ ಕೆಂಪು ಇಟ್ಟಿಗೆಯ ಗೋಡೆಗಳು ಕತ್ತಲಾದ ಮೇಲೆ ನಮ್ಮನ್ನು ಬೇಯಿಸುತ್ತವೆ. ಕೆಳಗಿನ ಮಹಡಿಯಲ್ಲಿ ನಾನು, ನಿಯಾಜ್. ಮೇಲೆ ನಿಯಾಜ್‌ನ ಅಣ್ಣ ಎಕ್ರೆಮ್ ಮತ್ತು ಅವನ ಹೆಂಡತಿ ಮೆವ್ಲಿದಾ. ಅಣ್ಣತಮ್ಮಂದಿರು ಸೇರಿಯೇ ಮನೆ ಕೊಂಡದ್ದು ಎಂದು ಬರೆದಿದ್ದೆ. ಆದರೆ ತಂಪು ಮಾತ್ರ ಮೇಲಿನವರಿಗೆ. ಓರಗಿತ್ತಿ ಬಸುರಿ, ಹಾಗಾಗಿ ಎಕ್ರೆಮ್ ಅವಳ ಕಿಟಕಿಗೆ ತಂಪು ಮಾಡುವ ಪೆಟ್ಟಿಗೆ ಕೂರಿಸಿದ್ದಾನೆ. ಅದರ ನೀರು ಕೆಳಗೆ ನಾನು ಒಣಹಾಕಿದ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತದೆ. ಮೊದಲ ಸಲ ತಲೆಯೆತ್ತಿ ನೋಡಿದೆ. "ಅಯ್ಯೋ, ಗೊತ್ತಾಗ್ಲಿಲ್ಲ ಕಣೇ" ಅಂದಳು. ಎರಡನೆಯ ಸಲ ಪರದೆಯನ್ನೇ ಎಳೆದುಕೊಂಡಳು.

ಚಳಿಗಾಲಕ್ಕೆಂದು ನೆಲಮಾಳಿಗೆಯಲ್ಲಿದ್ದ ಹಳೆಯ ಬಾಯ್ಲರು ಮಾರ್ಚ್‌ನಲ್ಲೇ ಬಿರುಕುಬಿಟ್ಟಿತು. ಅದಕ್ಕೆ ಈಗ ಅಣ್ಣತಮ್ಮಂದಿರು ಎರಡೂ ಮಹಡಿಗೆ ಸೇರಿ ಒಂದೇ ಹೊಸ ಯಂತ್ರ ಹಾಕಿಸುತ್ತಾರಂತೆ. ಚಳಿಯಲ್ಲಿ ಬಿಸಿಗಾಳಿ, ಸೆಕೆಯಲ್ಲಿ ತಣ್ಣನೆಯ ಗಾಳಿ, ತಗಡಿನ ಕೊಳವೆಯಲ್ಲಿ ಕೋಣೆಕೋಣೆಗೂ ಬರುತ್ತದಂತೆ. ನನಗೆ ಮೊದಲು ನೆನಪಾದದ್ದು ನಿನ್ನ ಕೋಣೆ. ಅಡುಗೆಮನೆಯ ಹಿಂದಿನ ಆ ಪುಟ್ಟ ಕೋಣೆಯನ್ನು ನಿಯಾಜ್ ಕೂಡ "ಮುನೀರಾ ಕೋಣೆ" ಎಂದೇ ಕರೆಯುತ್ತಾನೆ. ಪರದೆ ಹೊಲಿದಿದ್ದೇನೆ, ಹಳದಿ. ಅಮೆರಿಕಕ್ಕೆ ಬರಲು ನಿನ್ನ ಕಾಗದಪತ್ರ ಎಲ್ಲಿಗೆ ಬಂತು? ಕಚೇರಿಯವರು ಏನಾದರೂ ಹೇಳಿದರಾ?

ನಿನ್ನ ರಾಜಿಯಾ

ಜೆನಿತ್ಸಾ, 1 ಆಗಸ್ಟ್ 1999

ರಾಜಿಯಾ, ನನ್ನ ಕಂದಾ,

ನಿನ್ನ ಅಕ್ಷರ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಕಲಿಸಿದವಳು ನಾನೇ ಅಲ್ಲವಾ, ಶಾಲೆ ಮುಚ್ಚಿದ ಮೇಲೆ ನೆಲಮಾಳಿಗೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆಸಿ?

ಆ ಯಂತ್ರದ ವಿಷಯದಲ್ಲಿ ಜೋಪಾನ. ಗೋಡೆಯಿಂದ ಗಾಳಿ ಬೀಸುತ್ತದೆ ಅಂದರೆ ಅದು ಶುದ್ಧ ಪ್ರೊಮಾಹ, ಮೈ ಕೆಡಿಸುವ ಅಡ್ಡಗಾಳಿ. ಎರಡು ಕಿಟಕಿ ಒಟ್ಟಿಗೆ ತೆರೆಯಲು ಅಮ್ಮ ಯಾಕೆ ಬಿಡುತ್ತಿರಲಿಲ್ಲ? ನಮ್ಮ ಬೇಕರಿಯ ಸಫೇತಾ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಕ್ಕೆ ಕುತ್ತಿಗೆ ಹಿಡಿದುಕೊಂಡು ಎರಡು ವಾರ ಪಕ್ಕದವರನ್ನು ನೋಡಬೇಕಾದರೂ ಪೂರ್ತಿ ತಿರುಗುತ್ತಿದ್ದಳು. ಕೆಲಸದಲ್ಲಿ ದೊಡ್ಡ ಸಾಹೇಬರ ಹಾಗೆ ಕಾಣುತ್ತಿದ್ದಳು, ಬಿಡು. ಗಾಳಿ ಬರುವ ಕಡೆ ಏನಾದರೂ ಅಡ್ಡ ಇಡು. ಮಲಗುವಾಗ ಬೆನ್ನಿಗೆ ನಾನು ಹೊಲಿದ ಉಣ್ಣೆ ರಜಾಯಿ ಇರಲಿ. ಅದನ್ನು ಬಿಸಿಲಿಗೆ ಹಾಕಿದೆಯಾ?

ಈ ಮೆವ್ಲಿದಾ ಎಂಥವಳು? ಹೂರಣ ತುಂಬುವ ಪೀತಾ ಹಿಟ್ಟನ್ನು ಹರಿಯದ ಹಾಗೆ ಎಳೆಯಲು ಬರುತ್ತದಾ, ಅಥವಾ ಬರೀ ಪರದೆ ಎಳೆಯಲು ಬರುತ್ತದಾ? ಅವಳು ನಿನಗಿಂತ ದೊಡ್ಡವಳು ನಿಜ. ಆದರೂ ಅವಳನ್ನು ಅಕ್ಕ ಎನ್ನಬೇಡ. ಅಕ್ಕ ಒಬ್ಬಳು ಸಾಕು.

ಕಾಗದ ಇನ್ನೂ ಬಂದಿಲ್ಲ. ಬಂದರೆ ನಿನಗೆ ಹೇಳದೆ ಯಾರಿಗೆ ಹೇಳಲಿ? ಹಳದಿ ನನಗೆ ಇಷ್ಟ.

ಮುನೀರಾ

ಸೇಂಟ್ ಲೂಯಿಸ್, 25 ಆಗಸ್ಟ್ 1999

ಅಕ್ಕಾ,

ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಯಂತ್ರ ಕೂರಿಸುವ ಹಿಲ್ಮೋ ಮೇಸ್ತ್ರಿ ಬಂದಿದ್ದರು. ನಮ್ಮ ಕಡೆಯವರೇ, ದಪ್ಪ ಮೀಸೆ, ಕಿವಿಗೆ ಪೆನ್ಸಿಲು. ಮನೆಯ ಗೋಡೆಗಳನ್ನೆಲ್ಲ ಕಲ್ಲಂಗಡಿ ಹಣ್ಣು ನೋಡುವ ಹಾಗೆ ತಟ್ಟಿ ತಟ್ಟಿ ನೋಡಿದರು. ಎಲ್ಲರೂ ನನ್ನ ಅಡುಗೆಮನೆಯಲ್ಲೇ ಕೂತರು.

"ಇದು ಮನೆಯಲ್ಲಮ್ಮಾ, ಕೋಟೆ" ಅಂದರು. "ಒಳಗೋಡೆನೂ ಇಟ್ಟಿಗೆದೇ. ಮರದ ಗೋಡೆ ಆಗಿದ್ರೆ ಒಳಗೊಳಗೇ ಕೊಳವೆ ತೂರಿಸ್ತಿದ್ದೆ. ಇಲ್ಲಿ ಮೇಲಕ್ಕೆ ಗಾಳಿ ಹೋಗ್ಬೇಕು ಅಂದ್ರೆ ಕೆಳಗಿನವರು ಒಂದು ಮೂಲೆ ಕೊಡ್ಲೇಬೇಕು."

ಎರಡು ದಾರಿ ಇವೆಯಂತೆ. ಒಂದು, ನನ್ನ ಅಡುಗೆಮನೆಯ ಹಳೆಯ ಚಿಮಣಿಯ ಪಕ್ಕ. ಅಲ್ಲಿಂದ ಏರಿದರೆ ಕೊಳವೆ ಮೆವ್ಲಿದಾಳ ಉಗ್ರಾಣಕ್ಕೆ ಹೋಗಿ ಮುಟ್ಟುತ್ತದೆ. ಇನ್ನೊಂದು, ನಿನ್ನ ಕೋಣೆಯ ಮೂಲೆ.

ಮೆವ್ಲಿದಾ ಒಂದು ನಿಮಿಷವೂ ಯೋಚಿಸಲಿಲ್ಲ. "ನನ್ನ ಉಗ್ರಾಣನಾ? ಮೆಣಸಿನಕಾಯಿ ಜಾಡಿ ಎಲ್ಲಾ ತಲೆ ಮೇಲೆ ಇಟ್ಕೊಳ್ಲಾ? ಹಿಂದಿನ ಕೋಣೆ ಖಾಲಿನೇ ಬಿದ್ದಿದೆ."

"ಅದು ರಾಜಿಯಾಳ ಅಕ್ಕನಿಗೆ ಅಂತ..." ಎಂದು ನಿಯಾಜ್ ಶುರುಮಾಡಿದ.

"ಅವರು ಬಂದಾಗ ನೋಡೋಣ. ಇವರು ಅಕ್ಟೋಬರಿಗೇ ಬರ್ತಾರೆ" ಎಂದು ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು.

ನಾಲ್ಕು ಜನ ನೋಡಿದರೆ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಕೈಯಲ್ಲಿ ಕಾಫಿ ಕುದಿಸುವ ಪಾತ್ರೆ, ಜೆಜ್ವಾ ಇತ್ತು. ಬೇಡ ಎನ್ನುವ ಬದಲು ಎಲ್ಲರ ಬಟ್ಟಲಿಗೂ ಕಾಫಿ ಸುರಿದೆ. ಮೇಸ್ತ್ರಿ "ಸರಿ ಹಾಗಾದ್ರೆ" ಎಂದು ನಿನ್ನ ಕೋಣೆಗೆ ಹೋಗಿ ಗೋಡೆಗೆ ಪೆನ್ಸಿಲ್ ಗೆರೆ ಎಳೆದರು.

ಅವಳಿಗೆ ಮನೆಯ ಮೇಲರ್ಧ ಇದೆ, ಮಗು ಬರುತ್ತಿದೆ, ತಂಪಿನ ಪೆಟ್ಟಿಗೆಯೂ ಇದೆ. ಈಗ ಅವಳ ಬಿಸಿಗಾಳಿ ಕೂಡ ನಿನ್ನ ಕೋಣೆಯನ್ನು ತುಳಿದುಕೊಂಡೇ ಮೇಲೆ ಹತ್ತಬೇಕಂತೆ.

ರಾಜಿಯಾ

ಜೆನಿತ್ಸಾ, 19 ಸೆಪ್ಟೆಂಬರ್ 1999

ರಾಜಿಯಾ,

ಕಾಫಿ ಸುರಿದೆಯಂತೆ. ಚೆನ್ನಾಯಿತು. ಸಕ್ಕರೆ ತುಂಡನ್ನೂ ಕೊಟ್ಟೆ ತಾನೇ?

ನನ್ನ ಚಿಂತೆ ಬಿಡು. ಇಲ್ಲಿ ನನಗೊಂದು ಕೋಣೆ ಇದೆ, ಕಲ್ಲಿದ್ದಲಿನ ಒಲೆ ಇದೆ. ಯಾರ ಬಿಸಿಯೂ ನನ್ನನ್ನು ದಾಟಿಕೊಂಡು ಹೋಗುವುದಿಲ್ಲ. ಬೇಕರಿಯಲ್ಲಿ ಕೆಲಸ ಜಾಸ್ತಿ, ದೊಡ್ಡ ಪತ್ರ ಬರೆಯಲು ಪುರುಸೊತ್ತಿಲ್ಲ.

ಮೆವ್ಲಿದಾಳಿಗೆ ಸುಖಪ್ರಸವವಾಗಲಿ.

ಮುನೀರಾ

ಸೇಂಟ್ ಲೂಯಿಸ್, 24 ಅಕ್ಟೋಬರ್ 1999

ಪ್ರೀತಿಯ ಅಕ್ಕ,

ನಿನ್ನ ಪತ್ರ ಎಷ್ಟು ಚಿಕ್ಕದಾಗಿತ್ತು ಎಂದರೆ ಲಕೋಟೆಯೊಳಗೆ ಇನ್ನೊಂದು ಹಾಳೆ ಉಳಿದಿರಬಹುದೆಂದು ಮತ್ತೆ ಕೈಹಾಕಿ ನೋಡಿದೆ. ಕೆಲಸ ಕಡಿಮೆಯಾದಾಗ ಬರೆ.

ಯಂತ್ರ ಬಂತು. ಹಳೆಯ ಕಬ್ಬಿಣದ ರೇಡಿಯೇಟರುಗಳನ್ನು ಇಬ್ಬಿಬ್ಬರು ಗಂಡಸರು ಹೆಣ ಹೊತ್ತ ಹಾಗೆ ಹೊತ್ತು ಹೊರಗೆ ಹಾಕಿದರು. ಬಾಯ್ಲರನ್ನು ಸುತ್ತಿಗೆಯಿಂದ ಒಡೆದು ಒಡೆದು ತುಂಡಾಗಿ ತಂದರು. ಮನೆಯೆಲ್ಲ ಕೆಂಪು ಧೂಳು. ಮೂರು ಸಲ ಒರೆಸಿದರೂ ಪೀತಾದಲ್ಲಿ ಇಟ್ಟಿಗೆಯ ರುಚಿ.

ನಿನ್ನ ಕೋಣೆಯ ಮೂಲೆಯಲ್ಲಿ ಈಗ ಒಂದು ಬೀರುವಿನಷ್ಟು ದಪ್ಪ ಕೊಳವೆ ನೆಲದಿಂದ ಚಾವಣಿಯವರೆಗೆ ನಿಂತಿದೆ. ಸುತ್ತ ಹಲಗೆ ಹೊಡೆದು ಬಿಳಿ ಬಣ್ಣ ಬಳಿದಿದ್ದಾರೆ. "ಪಾಪ, ನಿಮ್ಮಕ್ಕನಿಗೂ ಸ್ವಲ್ಪ ಇರ್ಲಿ" ಎಂದು ಮೇಸ್ತ್ರಿ ಅದಕ್ಕೊಂದು ಪುಟ್ಟ ಜಾಲರಿ ಕೊರೆದುಕೊಟ್ಟರು. ಮಂಚವನ್ನು ಕಿಟಕಿಯ ಕಡೆ ಸರಿಸಿದ್ದೇನೆ.

ನೀನು ಹೇಳಿದ್ದು ಸರಿ, ಇದೆಲ್ಲ ಪ್ರೊಮಾಹವೇ. ನಡುಮನೆಯಲ್ಲಿ ನೆಲದ ಹತ್ತಿರ ಒಂದು ದೊಡ್ಡ ಜಾಲರಿ ಇದೆ, ಅದು ಬೀಸುವುದಿಲ್ಲ, ಎಳೆದುಕೊಳ್ಳುತ್ತದೆ. ಕಾಲಿನ ಸುತ್ತ ತಣ್ಣಗೆ ಹರಿಯುತ್ತದೆ. ಅದರ ಮುಚ್ಚಳ ತೆಗೆದು ದಪ್ಪಗಿನದೊಂದನ್ನು ತುರುಕಿ, ಮುಂದೆ ಚಪ್ಪಲಿಯ ಬೆಂಚು ಇಟ್ಟುಬಿಟ್ಟೆ. ಯಾರಿಗೂ ಹೇಳಿಲ್ಲ. ಮೇಲಿನವರಿಗೆ ಗಾಳಿ ಕಮ್ಮಿಯಾದರೆ ಆಗಲಿ. ಅವಳು ನನ್ನನ್ನು ಕೇಳಿ ಮಾಡಿದಳಾ?

ಮೆವ್ಲಿದಾಳಿಗೆ ಹೆಣ್ಣು ಮಗು, ಎಲ್ಮಾ. ಕೊಳವೆಯಲ್ಲಿ ಗಾಳಿಯ ಜೊತೆ ಮಾತೂ ಇಳಿಯುತ್ತದೆ. ನಿನ್ನ ಕೋಣೆಯಲ್ಲಿ ಕೂತರೆ ಅವಳು ಮಗುವಿಗೆ ಹಾಡುವುದು ಕೇಳಿಸುತ್ತದೆ. ನೆಲಮಾಳಿಗೆಯಲ್ಲಿ ಗುಂಡಿನ ಸದ್ದು ಕೇಳಬಾರದೆಂದು ನನ್ನ ಕಿವಿಯಲ್ಲಿ ನೀನು ಹಾಡುತ್ತಿದ್ದೆಯಲ್ಲ, ಅದೇ ಜೋಗುಳ. ನನಗೆ ಎಷ್ಟು ಸಿಟ್ಟು ಬಂತು ಗೊತ್ತಾ? ಇದನ್ನು ಇವಳಿಗೆ ಯಾರು ಕೊಟ್ಟರು? ಆದರೂ ಎದ್ದು ಹೋಗಲಿಲ್ಲ. ದಿನಾ ಅಲ್ಲಿ ಹೋಗಿ ಕೂರುತ್ತೇನೆ.

ನಿನ್ನ ರಾಜಿಯಾ

ಸೇಂಟ್ ಲೂಯಿಸ್, 28 ನವೆಂಬರ್ 1999

ಅಕ್ಕಾ,

ಪತ್ರವಿಲ್ಲ. ಮೈ ಹುಷಾರಿದೆ ತಾನೇ?

ಮಗು ನೋಡುವ ಶಾಸ್ತ್ರಕ್ಕೆ ಮೇಲೆ ಹೋಗಿದ್ದೆ. ಮಾಂಸ ತುಂಬಿದ ಬುರೆಕ್ ಮಾಡಿಕೊಂಡು ಹೋದೆ. ಹೆಂಗಸರೆಲ್ಲ ಸೇರಿದ್ದರು. ಮೆವ್ಲಿದಾ ಎಲ್ಲರೆದುರು "ನನ್ನ ಓರಗಿತ್ತಿ ಕೈಯಲ್ಲಿ ಹಿಟ್ಟು ರೇಷ್ಮೆ ಆಗುತ್ತೆ, ನಾಲಿಗೆ ಮಾತ್ರ ಕಲ್ಲು" ಅಂದಳು. ಹೊಗಳಿದಳೋ ಕುಟುಕಿದಳೋ ತಿಳಿಯಲಿಲ್ಲ. ಮಗು ನನ್ನ ಬೆರಳು ಹಿಡಿದುಕೊಂಡು ಬಿಡಲಿಲ್ಲ. ಅವಳು ಅದನ್ನು ನೋಡಿ ಮಗುವನ್ನು ಎತ್ತಿಕೊಂಡಳು. ಉಗ್ರಾಣದ ಬಾಗಿಲು ತೆರೆದಿತ್ತು, ಜಾಡಿಗಳು ಸಿಪಾಯಿಗಳ ಹಾಗೆ ಸಾಲಾಗಿ ನಿಂತಿದ್ದವು. ಅಷ್ಟು ಜಾಡಿ ಯಾರು ತಿನ್ನುತ್ತಾರೆ?

ಬರೆ, ಅಕ್ಕ. ಬೈದಾದರೂ ಬರೆ.

ರಾಜಿಯಾ

ಜೆನಿತ್ಸಾ, 3 ಜನವರಿ 2000

ರಾಜಿಯಾ,

ಬೈದಾದರೂ ಬರೆ ಎಂದೆ. ಬರೆಯುತ್ತೇನೆ.

ನನ್ನ ಕಾಗದಪತ್ರ ಸೆಪ್ಟೆಂಬರಿನಲ್ಲೇ ಬಂತು. ನಿನ್ನ ಕಾಫಿಯ ಪತ್ರ ಬಂದ ವಾರವೇ. ನಿನಗೆ ಹೇಳಲಿಲ್ಲ. ಯಾಕೆ ಹೇಳಲಿ? ಬರುವವಳಿಗೆ ಇಟ್ಟಿದ್ದ ಜಾಗದಲ್ಲಿ ತಗಡು ನಿಲ್ಲಿಸುತ್ತಿದ್ದರು, ನೀನು ಬಟ್ಟಲು ತುಂಬಿಸುತ್ತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ನಿನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಬೆಟ್ಟ ದಾಟುವಾಗ ನಾನು ಯಾರಿಗೂ ಕಾಫಿ ಸುರಿಯಲಿಲ್ಲ.

ಆಮೇಲಿನ ನಿನ್ನ ಪತ್ರಗಳನ್ನು ನೀನೇ ಓದಿ ನೋಡು. ಮೆವ್ಲಿದಾ ಹೀಗೆಂದಳು, ಮೆವ್ಲಿದಾ ಹಾಗೆ ಮಾಡಿದಳು. ಬೈಯುವ ನೆಪದಲ್ಲಿ ನೀನು ದಿನಾ ಅವಳನ್ನೇ ನೋಡುತ್ತೀ, ಅವಳ ಹಾಡನ್ನೇ ಕೇಳುತ್ತೀ. ನನ್ನ ಕೋಣೆಯಲ್ಲೇ ಕೂತು, ನನ್ನದೇ ಜೋಗುಳವನ್ನು ಅವಳ ಬಾಯಲ್ಲಿ! ನನಗೆ ಹೊಟ್ಟೆ ಉರಿಯಿತು. ಮೂವತ್ತೊಂದು ವರ್ಷದ ಹೆಂಗಸಿಗೆ ನಾಚಿಕೆಯಾಗಬೇಕು, ಆಗುತ್ತಿದೆ, ಆದರೂ ಉರಿಯಿತು.

ರಜಾಯಿ ಬಿಸಿಲಿಗೆ ಹಾಕಿದೆಯಾ ಎಂದು ಆಗಸ್ಟಿನಲ್ಲಿ ಕೇಳಿದ್ದೆ. ನೀನು ಉತ್ತರ ಕೊಟ್ಟಿಲ್ಲ.

ಬರುತ್ತೇನೋ ಇಲ್ಲವೋ ಮಾರ್ಚ್ ಕೊನೆಯೊಳಗೆ ಕಚೇರಿಗೆ ತಿಳಿಸಬೇಕು. ಆಮೇಲೆ ಹೆಸರು ತೆಗೆದುಹಾಕುತ್ತಾರೆ. ಇಲ್ಲ ಎಂದು ಬರೆದುಕೊಡೋಣ ಎಂದಿದ್ದೇನೆ. ಇನ್ನೊಬ್ಬರ ಬಿಸಿಗಾಳಿಗೆ ಕಾವಲು ಮಲಗಲು ಅಷ್ಟು ದೂರ ಬರಬೇಕಾ?

ಮುನೀರಾ

ಸೇಂಟ್ ಲೂಯಿಸ್, 30 ಜನವರಿ 2000

ನನ್ನ ಅಕ್ಕ ಮುನೀರಾ,

ನಿನ್ನ ಪತ್ರವನ್ನು ಓದಿ ಮಡಿಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಅದು ಜೇಬಿನಲ್ಲಿದ್ದಾಗಲೇ ಇದೆಲ್ಲ ನಡೆಯಿತು. ಮೊದಲಿಂದ ಹೇಳುತ್ತೇನೆ. ತಾಳ್ಮೆಯಿಂದ ಓದು, ಮಧ್ಯದಲ್ಲಿ ಹರಿಯಬೇಡ.

ಗುರುವಾರ ಬೆಳಿಗ್ಗೆ ಎದ್ದರೆ ಕಿಟಕಿಯ ಒಳಗಡೆಯೇ ಹಿಮ ಕಟ್ಟಿತ್ತು. ಯಂತ್ರ ಉರಿಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ, ಮತ್ತೆ ಉರಿಯುತ್ತದೆ, ಮತ್ತೆ ನಿಲ್ಲುತ್ತದೆ. ಗಂಡಸರು ಕೆಲಸಕ್ಕೆ ಹೋಗಿದ್ದರು. ಮೆವ್ಲಿದಾ ಮಗುವನ್ನು ಮೂಟೆಯ ಹಾಗೆ ಸುತ್ತಿಕೊಂಡು ಕೆಳಗೆ ಬಂದಳು. ತುಟಿ ನೀಲಿಯಾಗಿತ್ತು.

"ನಿನ್ನ ಗ್ಯಾಸ್ ಒಲೆ ಉರೀತಿದೆಯೇನೇ? ಮಗು ಕೈ ನೋಡು, ಐಸು."

ಒಲೆಯ ಕೆಳಗಿನ ಬಾಗಿಲು ತೆಗೆದು ಅದರ ಮುಂದೆ ಇಬ್ಬರೂ ಕೂತೆವು. ಜಾಲರಿಯೊಳಗೆ ನಾನು ತುರುಕಿದ್ದು ನನ್ನ ಎದೆಯೊಳಗೇ ತುರುಕಿದ ಹಾಗಿತ್ತು.

ಹಿಲ್ಮೋ ಮೇಸ್ತ್ರಿ ಟೋಪಿಯ ತುಂಬ ಹಿಮ ಹೊತ್ತುಕೊಂಡು ಬಂದರು. ನೆಲಮಾಳಿಗೆಗೆ ಇಳಿದರು, ಹತ್ತಿದರು, ನೇರ ನಡುಮನೆಗೆ ಹೋಗಿ ಚಪ್ಪಲಿಯ ಬೆಂಚು ಸರಿಸಿದರು. ಮುಚ್ಚಳ ತೆಗೆದು ಎಳೆದರು. ಎಳೆದರು. ಇನ್ನೂ ಎಳೆದರು.

"ಇದೇನಮ್ಮಾ ಇದು, ಹೆರಿಗೆನಾ? ಎಳೆದಷ್ಟೂ ಬರ್ತಾನೇ ಇದೆ!"

ಅಕ್ಕ, ಅದು ನಿನ್ನ ರಜಾಯಿ. ಮನೆಯಲ್ಲಿ ಅದಕ್ಕಿಂತ ದಪ್ಪಗಿನದು ಇರಲಿಲ್ಲ. ಬೂದು ಬಣ್ಣಕ್ಕೆ ತಿರುಗಿತ್ತು. ಅದಕ್ಕೇ ನಿನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

"ಯಂತ್ರ ಮನೆಯೊಳಗಿನ ಗಾಳೀನೇ ಎಳ್ಕೊಂಡು ಬಿಸಿ ಮಾಡಿ ವಾಪಸ್ ಕೊಡುತ್ತೆ. ಇದು ಅದರ ಮೂಗು. ಮೂಗು ಮುಚ್ಚಿ ಓಡು ಅಂದ್ರೆ ಯಾರು ಓಡ್ತಾರೆ? ಒಳಗೇ ಕಾದು ಕಾದು ಸುಸ್ತಾಗಿ ನಿಲ್ಲುತ್ತೆ" ಅಂದರು ಮೇಸ್ತ್ರಿ. ಮೆವ್ಲಿದಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮೇಸ್ತ್ರಿ ತಿರುಗಿ ನೋಡಿದರು. "ಆದ್ರೆ ಇದೊಂದಕ್ಕೇ ಹೀಗೆ ಪೂರ್ತಿ ಕೆಡಬಾರ್ದು. ಮೇಲೆ ಇನ್ನೊಂದು ಮೂಗಿದೆ. ನಡೀರಿ ನೋಡೋಣ."

ಅವಳ ನಗು ನಿಂತಿತು.

ಮೇಲಿನ ಜಾಲರಿಯಲ್ಲಿ ಎರಡು ದಿಂಬು, ಎಕ್ರೆಮ್‌ನ ಹಳೆಯ ಕೋಟು.

"ಮಗುಗೆ ಪ್ರೊಮಾಹ ಆಗುತ್ತೆ ಅಂತ ನಿನ್ನೆ ರಾತ್ರಿ..." ಎಂದಳು, ನೆಲ ನೋಡುತ್ತ.

"ಇಡೀ ಊರಲ್ಲಿ ನನಗೆ ದಿಂಬು ಸಿಗೋದು ನಮ್ಮವರ ಮನೆ ಜಾಲರಿಗಳಲ್ಲೇ. ಅಮೆರಿಕದವರಿಗೆ ಬೆನ್ನೇ ಇಲ್ವಾ?"

"ನಿಮ್ಮನೇಲಿ ಹೇಗೆ ಮೇಸ್ತ್ರಿ?" ಎಂದೆ ನಾನು.

ಅವರು ಮೀಸೆ ತಿಕ್ಕಿಕೊಂಡರು. "ಹೆಂಡ್ತಿ ಜಾಲರಿ ಮೇಲೆ ಕಂಬಳಿ ಹಾಸಿದಾಳೆ. ಹೇಳಿ ಹೇಳಿ ಸಾಕಾಯ್ತು."

ಆಗ ನಮಗಿಬ್ಬರಿಗೂ ಹುಚ್ಚು ನಗು ಬಂತು. ಹೌದು ಅಕ್ಕ, ಅವಳ ಜೊತೆ ನಕ್ಕೆ. ನಿನಗೆ ಮುಚ್ಚಿಡುವುದಿಲ್ಲ.

ಆದರೆ ಕೆಳಗೆ ಬಂದು, ಯಂತ್ರ ಗುಂಯ್ ಎಂದು ನಿಲ್ಲದೆ ಓಡತೊಡಗಿದ ಮೇಲೆ, ಏಪ್ರನ್ನಿನ ಜೇಬಿಗೆ ಕೈ ಹೋಯಿತು. ನಿನ್ನ ಪತ್ರ ಸಿಕ್ಕಿತು. ಮೇಸ್ತ್ರಿ ಕಾಫಿಗೆ ಕೂತಿದ್ದರು. ಜೆಜ್ವಾ ಒಲೆಯ ಮೇಲಿತ್ತು. ನಾನು ಅದನ್ನು ಕೆಳಗಿಳಿಸಿ ಪಕ್ಕಕ್ಕಿಟ್ಟೆ, ಸುರಿಯಲಿಲ್ಲ.

"ಆ ಕೊಳವೆ ಆ ಕೋಣೇಲಿ ಬೇಡ" ಎಂದೆ. "ಆವತ್ತೇ ಹೇಳ್ಬೇಕಿತ್ತು. ಇವತ್ತು ಹೇಳ್ತಿದೀನಿ. ಅದು ಖಾಲಿ ಕೋಣೆ ಅಲ್ಲ. ನಮ್ಮಕ್ಕಂದು."

ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅಯ್ಯೋ ತಾಯಿ, ತಗಡು ಅಂದ್ರೆ ಬುರೆಕ್ ಹಿಟ್ಟು ಅಂದ್ಕೊಂಡ್ರಾ, ಬಿಚ್ಚಿ ಮತ್ತೆ ಮಡಿಸೋಕೆ?" ಎಂದರು ಮೇಸ್ತ್ರಿ.

ಮೆವ್ಲಿದಾ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು. "ಜಾಡಿಗೋಸ್ಕರ ಅಲ್ಲ ಕಣೇ ನಾನು ಹಾಗೆ ಹೇಳಿದ್ದು" ಎಂದಳು. "ಜಾಡಿ ಮಂಚದ ಕೆಳಗೂ ಇಡಬಹುದಿತ್ತು. ಪೋಸ್ಟಿನವನು ಬಂದಾಗಲೆಲ್ಲ ನೀನು ಓಡಿ ಹೋಗ್ತಿದ್ದೆ. ಮೆಟ್ಟಿಲ ಮೇಲೇ ಕೂತು ಓದಿ ಒಬ್ಬಳೇ ನಗ್ತಿದ್ದೆ. ನಾನು ಮೇಲಿಂದ ನೋಡ್ತಿದ್ದೆ. ನನಗೆ ಯಾರು ಬರೀಬೇಕು? ನನಗೂ ಒಬ್ಬಳು ಅಕ್ಕ ಇದ್ದಳು. ತೊಂಬತ್ತೆರಡರ ಯುದ್ಧದಲ್ಲಿ ಸಿಪಾಯಿಗಳು ಬಸ್ಸಿಂದ ಇಳಿಸ್ಕೊಂಡು ಹೋದರು. ಎಲ್ಲಿದಾಳೋ, ಮಣ್ಣಲ್ಲಿದಾಳೋ. ಎಲ್ಮಾಗೆ ಹಾಡೋ ಹಾಡು ಅವಳದೇ. ನೀನು ಆ ಕೋಣೆಗೆ ಹಳದಿ ಪರದೆ ಕಟ್ಟೋದು ನೋಡಿ ನನಗೆ ತಡೆಯೋಕೆ ಆಗ್ಲಿಲ್ಲ. ನಿನ್ನ ಅಕ್ಕ ಬರ್ತಾಳೆ, ನನ್ನ ಅಕ್ಕ ಬರಲ್ಲ. ಅದಕ್ಕೇ ಆ ಕೋಣೆ ಹಾಳಾಗ್ಲಿ ಅಂತ ಅಂದೆ. ಬೇಕಂತಲೇ ಅಂದೆ."

ಮೇಸ್ತ್ರಿ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

ನಾನು ಅವಳನ್ನು ತಬ್ಬಿಕೊಳ್ಳಲಿಲ್ಲ, ಅಕ್ಕ. ಸಿಟ್ಟು ಹೋಗಿರಲಿಲ್ಲ, ಈಗಲೂ ಪೂರ್ತಿ ಹೋಗಿಲ್ಲ. ಮಗುವನ್ನು ಮಾತ್ರ ಎತ್ತಿಕೊಂಡೆ. ಈ ಸಲ ಅವಳು ಕಿತ್ತುಕೊಳ್ಳಲಿಲ್ಲ. ಅವಳ ಮಗುವನ್ನು, ಅವಳ ಮೇಲ್ಮಹಡಿಯನ್ನು ನೋಡಿ ನಾನು ಉರಿದೆ. ನನ್ನ ಕೈಯಲ್ಲಿದ್ದ ನಿನ್ನ ಪತ್ರ ನೋಡಿ ಅವಳು ಉರಿದಳು. ನೀನೋ, ಅಷ್ಟು ದೂರದಿಂದ ಅವಳನ್ನು ನೋಡಿ ಉರಿದೆ. ಮನೆಗೆ ಯಂತ್ರವೇ ಬೇಕಿರಲಿಲ್ಲ, ನಾವು ಮೂವರು ಸಾಕಿತ್ತು.

ಚಳಿಗಾಲದಲ್ಲಿ ಕೊಳವೆ ಬಿಚ್ಚಿದರೆ ಮಗು ಹೆಪ್ಪುಗಟ್ಟುತ್ತದೆ. ಏಪ್ರಿಲ್‌ನಲ್ಲಿ ಚಿಮಣಿಯ ಪಕ್ಕಕ್ಕೆ ಸರಿಸಿಕೊಡುತ್ತೇನೆ ಎಂದು ಮೇಸ್ತ್ರಿ ಮಾತು ಕೊಟ್ಟಿದ್ದಾರೆ. ಮೆವ್ಲಿದಾ ಆವತ್ತೇ ಉಗ್ರಾಣ ಖಾಲಿ ಮಾಡಿ ಜಾಡಿಗಳನ್ನೆಲ್ಲ ಮೆಟ್ಟಿಲ ಮೇಲೆ ಇಳಿಸಿಟ್ಟಿದ್ದಾಳೆ. ಮೇಲೆ ಹತ್ತುವುದೇ ಕಷ್ಟವಾಗಿದೆ, ಎಕ್ರೆಮ್ ನಿನ್ನೆ ಒಂದಕ್ಕೆ ಎಡವಿ ಕಾಲ್ಚೀಲವೆಲ್ಲ ವಿನೆಗರ್ ಮಾಡಿಕೊಂಡ. ಆದರೆ ಒಂದು ಹೇಳುತ್ತೇನೆ. ಈ ಮನೆಯಲ್ಲಿ ಈಗ ಎಲ್ಲಕ್ಕಿಂತ ಬೆಚ್ಚಗಿರುವುದು ನಿನ್ನ ಕೋಣೆಯೇ. ಕೊಳವೆ ಇರಬೇಕೋ ಹೋಗಬೇಕೋ, ನಾನು ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ನೀನು ಬಂದು, ಆ ಮಂಚದ ಮೇಲೆ ಮಲಗಿ ನೋಡಿ, ನಿನ್ನ ಬಾಯಲ್ಲೇ ಹೇಳಬೇಕು. ಅಲ್ಲಿಯವರೆಗೆ ಜಾಡಿಗಳು ಮೆಟ್ಟಿಲ ಮೇಲೆಯೇ ಇರುತ್ತವೆ.

ಅವಳನ್ನು ನಾನು ಅಕ್ಕ ಎಂದಿಲ್ಲ. ಮೆವ್ಲಿದಾ ಎಂದೇ ಕರೆಯುತ್ತೇನೆ. ಅವಳೂ ಕೇಳಿಲ್ಲ. ಕೇಳಿದ್ದು ಒಂದೇ: ನೀನು ಬಂದ ಮೇಲೆ ಒಂದು ಸಲ ಆ ಜೋಗುಳವನ್ನು ಹಾಡಬೇಕಂತೆ. ಎರಡನೆಯ ಸಾಲು ಅವಳಿಗೆ ಮರೆತುಹೋಗಿದೆ, ಕೇಳಲು ಅವಳಿಗೆ ಬೇರೆ ಯಾರೂ ಉಳಿದಿಲ್ಲ.

ಹೂಂ ಎಂದು ಬರೆದುಕೊಡು, ಅಕ್ಕ. ಮಾರ್ಚ್‌ವರೆಗೆ ಕಾಯಬೇಡ.

ರಜಾಯಿಯನ್ನು ಬಚ್ಚಲತೊಟ್ಟಿಯಲ್ಲಿ ಒಗೆದು, ನಿನ್ನ ಕೋಣೆಯ ಜಾಲರಿಯ ಮುಂದೆ ಎರಡು ಕುರ್ಚಿಗಳ ಮೇಲೆ ಹರಡಿದ್ದೆ. ಉಣ್ಣೆ ಒಣಗಲು ಮೂರು ದಿನ ಬೇಕಾಯಿತು. ಇವತ್ತು ಬೆಳಿಗ್ಗೆ ಅದನ್ನು ನಿನ್ನ ಮಂಚದ ಮೇಲೆ ಹಾಸಿದೆ. ಆಮೇಲೆ ಗಾಳಿ ನಿನ್ನ ಕುತ್ತಿಗೆಗೆ ಬೀಳಬಾರದೆಂದು ದಿಂಬನ್ನು ಈಚೆ ತುದಿಗೆ ತಿರುಗಿಸಿಟ್ಟೆ.

ರಾಜಿಯಾ